ಪೀಠಿಕೆ ಮುಂದಕ್ಕೆ ಹೋಗುತ್ತಿಲ್ಲ

ಪ್ರಶ್ನೆ: ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳ ಕಥೆಯನ್ನು 11 ವರ್ಷ ಊರೂರು ತಿರುಗಿ ಬರೆದಿದ್ದೇನೆ. 480 ಪುಟವಾಗಿದೆ. ಪೀಠಿಕೆಯನ್ನು ಮಾತ್ರ ಆರು ಸಲ ಬರೆದು ಹರಿದು ಹಾಕಿದೆ. ಸಹ್ಯಾದ್ರಿ, ತುಂಗೆ, ಮಳೆ ಎಂದು ಶುರುವಾಗಿ ಅಲ್ಲೇ ನಿಂತುಬಿಡುತ್ತದೆ. ಎಲ್ಲ ಅಧ್ಯಾಯಗಳ ಸಾರ ಕೊಡಬೇಕೇ?
– ಓದುಗರು, ಕೊಪ್ಪ

ಉತ್ತರ: ಖಂಡಿತ ಬೇಡ. ಶೃಂಗೇರಿಯಲ್ಲಿ ತಲೆತಲಾಂತರದಿಂದ ಪಾಠವಾಗುತ್ತಿರುವ ಶಂಕರರ ಬ್ರಹ್ಮಸೂತ್ರ ಭಾಷ್ಯವನ್ನೇ ನೋಡಿ. ವ್ಯಾಖ್ಯಾನ ಮಾಡಬೇಕಾದದ್ದು 555 ಸೂತ್ರ. ಮೊದಲ ಸೂತ್ರ ಮುಟ್ಟುವ ಮುನ್ನ ಬರೆದ ಪೀಠಿಕೆ, ಅಧ್ಯಾಸ ಭಾಷ್ಯ, ಅಚ್ಚಿನಲ್ಲಿ ಕೆಲವೇ ಪುಟ. ಅದರಲ್ಲಿ ಮಂಗಳ ಶ್ಲೋಕವಿಲ್ಲ, ಮುಂದಿನ ನಾಲ್ಕು ಅಧ್ಯಾಯಗಳ ಸಾರವಿಲ್ಲ. ಕಪ್ಪೆಚಿಪ್ಪನ್ನು ಬೆಳ್ಳಿ ಎಂದುಕೊಳ್ಳುವ ಹಾಗೆ ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪು ನಮ್ಮೆಲ್ಲರಲ್ಲೂ ಇದೆ ಎಂದು ತೋರಿಸುತ್ತಾರೆ. ಅದು ಮನಸ್ಸಿಗೆ ಬಂದಮೇಲೆ ಗ್ರಂಥ ಯಾಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ನಿಮ್ಮ ಓದುಗರಲ್ಲೂ ಅಂಥದೊಂದು ತಪ್ಪು ತಿಳಿವಳಿಕೆ ಇದೆ. ತೋಟ ಕಂಡಿರದವರಿಗೆ ಅಡಿಕೆ ರೋಗಗಳೆಲ್ಲ ಒಂದೇ. ಕೊಳೆರೋಗ ಮಳೆಗಾಲದಲ್ಲಿ ಬಂದು ಕಾಯಿ ಉದುರಿಸುತ್ತದೆ. ಹೊತ್ತಿಗೆ ಸರಿಯಾಗಿ ಬೋರ್ಡೋ ಹೊಡೆಸಿದರೆ ಬಹುಪಾಲು ಉಳಿಸಿಕೊಳ್ಳಬಹುದು. ಹಳದಿ ಎಲೆ ರೋಗ ಹಾಗಲ್ಲ. ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ವಾಸಿ ಮಾಡುವ ಔಷಧಿ ಇನ್ನೂ ಸಿಕ್ಕಿಲ್ಲ. ಒಂದರಲ್ಲಿ ಆ ವರ್ಷದ ಫಸಲು ಹೋಗುತ್ತದೆ. ಇನ್ನೊಂದರಲ್ಲಿ ತೋಟ ನಂಬಿದ ಮನೆಯ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಲ್ಲಿಂದ ಶುರು ಮಾಡಿ. ಸಹ್ಯಾದ್ರಿಯ ವರ್ಣನೆಯನ್ನು, ನೋವಾದರೂ, ತೆಗೆದುಬಿಡಿ. 11 ವರ್ಷದ ಹಿಂದೆ ಯಾವ ತೋಟದಲ್ಲಿ ನಿಂತಾಗ ಇದನ್ನು ಬರೆಯಲೇಬೇಕು ಅನ್ನಿಸಿತೋ, ಆ ತೋಟ ಮೊದಲ ವಾಕ್ಯದಲ್ಲೇ ಬರಲಿ.

ಪ್ರಶ್ನೆ: ದೊಡ್ಡ ಸಾಹಿತಿಯೊಬ್ಬರ ಮುನ್ನುಡಿಗಾಗಿ ವರ್ಷದಿಂದ ಕಾಯುತ್ತಿದ್ದೇನೆ. ಮುನ್ನುಡಿ ಇಲ್ಲದೆ ಅಚ್ಚಿಗೆ ಕೊಡಬಹುದೇ?
– ಓದುಗರು, ನರಸಿಂಹರಾಜಪುರ

ಉತ್ತರ: ಧಾರಾಳವಾಗಿ ಕೊಡಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು, 1939ರಲ್ಲಿ ತೀರಿಕೊಂಡಿದ್ದ ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಪದ್ಯದಲ್ಲೇ ಅರ್ಪಿಸಿದರು. ಗುರುವಿನ ಎದುರೇ ನಿಂತು ಮಾತಾಡುವ ಧಾಟಿ ಅದರದು. ಅಷ್ಟು ದೊಡ್ಡ ಕಾವ್ಯಕ್ಕೆ ಅದಕ್ಕಿಂತ ಆಪ್ತವಾದ ಬಾಗಿಲು ನನಗೆ ತೋಚುವುದಿಲ್ಲ. ಹಸ್ತಪ್ರತಿಯನ್ನು ನೀವು ಮೊದಲು ಯಾರಿಗೆ ತೋರಿಸಬೇಕೆಂದಿದ್ದಿರೋ ಅವರಿಗೆ ಕಾಗದ ಬರೆದ ಹಾಗೆ ಎರಡು ಪುಟ ಬರೆಯಿರಿ. ‘ಅರಿಕೆ’ ಎಂದು ಹೆಸರಿಟ್ಟು ಈ ತಿಂಗಳೇ ಅಚ್ಚಿಗೆ ಕಳಿಸಿ.