ಹಿಂದೆ ನಾಲ್ಕು ಟೈರ್: ಪಿಕಪ್‌ನ್ನು ಡ್ಯೂಯಲಿ ಮಾಡಹೊರಟವರಿಗೆ 11 ಸೂತ್ರಗಳು

ನೀವು ಅಮೆರಿಕದಲ್ಲಿದ್ದೀರಿ. ಮನೆ ಮುಂದೆ ಫೋರ್ಡ್ ಎಫ್-250 ನಿಂತಿದೆ. ಹಿಂದೆ ಇರುವುದು ಎರಡೇ ಟೈರ್. ಎಳೆಯಬೇಕೆಂದು ಕಣ್ಣಿಟ್ಟಿರುವುದು ಮಾತ್ರ 14,000 ಪೌಂಡಿನ ಟ್ರೇಲರ್, ಅಂದರೆ ಸುಮಾರು 6,350 ಕೆಜಿ. ಹೆದ್ದಾರಿಯಲ್ಲಿ ಹಿಂದೆ ನಾಲ್ಕು ಟೈರ್ ಹೊತ್ತ ಪಿಕಪ್ ದಾಟಿಹೋದಾಗಲೆಲ್ಲ ‘ನನ್ನ ಗಾಡಿಗೂ ಹೀಗೆ ಮಾಡಿಸಬಹುದಾ?’ ಎಂಬ ಪ್ರಶ್ನೆ ಏಳುತ್ತದೆ. ಖಂಡಿತ ಮಾಡಿಸಬಹುದು. ಅಲ್ಲಿ ಇಂಥ ಗಾಡಿಗೆ ಡ್ಯೂಯಲಿ ಎನ್ನುತ್ತಾರೆ. ಜನರಲ್ ಮೋಟರ್ಸ್ 1973ರಲ್ಲೇ ಫ್ಯಾಕ್ಟರಿಯಿಂದ ಡ್ಯೂಯಲಿ ಪಿಕಪ್ ಹೊರತಂದಿತ್ತು. ಊರಲ್ಲಿ ಟಾಟಾ 407 ನೋಡಿ ಬೆಳೆದ ನಿಮಗೆ ಹಿಂದಿನ ಜೋಡಿ ಟೈರ್ ಹೊಸ ನೋಟವೂ ಅಲ್ಲ.

‘ನನ್ನಿಂದ ಆಗುತ್ತಾ’ ಎಂಬ ಮಾತನ್ನು ಇಲ್ಲಿಗೇ ನಿಲ್ಲಿಸಿ. ಅದು ಬರೀ ಅಭ್ಯಾಸ. ಕೈಗೊಂದು ಟೇಪು, ಒಂದು ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. ಶುರು ಮಾಡೋಣ.

1. ಡ್ರೈವರ್ ಬಾಗಿಲು ತೆರೆದು ಸ್ಟಿಕರ್ ಓದಿ.

ಎಲ್ಲಕ್ಕಿಂತ ಮೊದಲ ಕೆಲಸ ಇದು. ಬಾಗಿಲ ಚೌಕಟ್ಟಿನಲ್ಲಿ ಜಿವಿಡಬ್ಲ್ಯುಆರ್ ಎಂಬ ಸಂಖ್ಯೆ ಇರುತ್ತದೆ. ಗಾಡಿ, ಜನ, ಸಾಮಾನು, ಟ್ರೇಲರ್ ಹೇರುವ ಭಾರ ಎಲ್ಲ ಸೇರಿ ಅದನ್ನು ಮೀರಬಾರದು. ಎಷ್ಟೋ ಎಫ್-250ಗಳಲ್ಲಿ ಅದು 10,000 ಪೌಂಡ್. ಫ್ಯಾಕ್ಟರಿಯಿಂದಲೇ ಡ್ಯೂಯಲಿಯಾಗಿ ಬಂದ ಎಷ್ಟೋ ಎಫ್-350ಗಳಲ್ಲಿ 14,000 ಪೌಂಡ್. ಪಕ್ಕದಲ್ಲೇ ಪ್ರತಿ ಆಕ್ಸಲ್‌ನ ಮಿತಿಯೂ ಇರುತ್ತದೆ. ಇವನ್ನು ನಿಗದಿ ಮಾಡುವುದು ಗಾಡಿ ತಯಾರಿಸಿದ ಕಂಪನಿ, ನಿಮ್ಮ ಗ್ಯಾರೇಜಿನ ಮೆಕ್ಯಾನಿಕ್ ಅಲ್ಲ. ಹಿಂದೆ ನಾಲ್ಕಲ್ಲ, ಎಂಟು ಟೈರ್ ಹಾಕಿಸಿದರೂ ಸ್ಟಿಕರ್‌ನ ಅಂಕಿ ಅಲ್ಲೇ ಇರುತ್ತದೆ.

ಈಗ ಲೆಕ್ಕ ಮಾಡಿ. ಫಿಫ್ತ್ ವೀಲ್ ಅಥವಾ ಗೂಸ್‌ನೆಕ್ ಟ್ರೇಲರ್ ತನ್ನ ತೂಕದ 15ರಿಂದ 25 ಶೇಕಡವನ್ನು ಪಿಕಪ್‌ನ ಬೆನ್ನಿಗೆ ಹಾಕುತ್ತದೆ. 14,000 ಪೌಂಡಿಗೆ 20 ಶೇಕಡ ಹಿಡಿದರೆ 2,800 ಪೌಂಡ್. ಹಿಚ್, ನೀವು, ಮನೆಯವರು, ಟೂಲ್‌ಬಾಕ್ಸ್ ಎಲ್ಲ ಇನ್ನೂ ಹೊರಗಿದ್ದಾರೆ. ನಿಮ್ಮ ಸ್ಟಿಕರ್ 2,400 ಪೌಂಡ್ ಪೇಲೋಡ್ (ಗಾಡಿ ಹೊರಬಹುದಾದ ಭಾರ) ಎನ್ನುತ್ತಿದ್ದರೆ ಈ ಟ್ರೇಲರ್ ನಿಮ್ಮ ಗಾಡಿಗೆ ಅಲ್ಲ. ಡ್ಯೂಯಲಿ ಮಾಡಿಸಿದ ಮೇಲೂ ಅಲ್ಲ. ಹೆಚ್ಚುವರಿ ಟೈರು, ಹಬ್, ಫೆಂಡರುಗಳ ತೂಕವೂ ಅದೇ ಪೇಲೋಡ್‌ನಿಂದ ಕಳೆಯುತ್ತದೆ. ಕನ್ವರ್ಷನ್ ಮಾರುವವರು ಈ ಮಾತನ್ನು ತಾವಾಗಿ ಎತ್ತುವುದು ಅಪರೂಪ.

2. ಗಾಡಿಯನ್ನು ತೂಕಕ್ಕೆ ಹಾಕಿ.

ಊಹೆ ಬೇಡ. ಅಮೆರಿಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಸಿಗುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವನ್ನೂ ಬೇರೆ ಬೇರೆಯಾಗಿ ಬರೆದುಕೊಡುತ್ತದೆ. ಟ್ರೇಲರ್ ಸಹಿತ ಒಮ್ಮೆ, ಬರೀ ಗಾಡಿ ಒಮ್ಮೆ ತೂಗಿಸಿ. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಟ್ರೇಲರ್ ನಿಜವಾಗಿ ಎಷ್ಟು ಒತ್ತುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

3. ಏನು ಗಳಿಸುತ್ತೀರಿ ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ.

ಅಧಿಕೃತ ಸಾಮರ್ಥ್ಯ ಹೆಚ್ಚದಿದ್ದರೆ ಈ ಶ್ರಮವೆಲ್ಲ ಏಕೆ? ಸ್ಥಿರತೆಗಾಗಿ, ಟೈರಿನ ಮಾರ್ಜಿನ್‌ಗಾಗಿ. ಎಲ್‌ಟಿ 275/70 ಆರ್ 18 ಅಳತೆಯ, ಲೋಡ್ ಇಂಡೆಕ್ಸ್ 125/122 ಇರುವ ಟೈರ್ ಒಂಟಿಯಾಗಿ 1,650 ಕೆಜಿ ಹೊರುತ್ತದೆ. ಹಿಂದೆ ಎರಡಿದ್ದರೆ 3,300 ಕೆಜಿ. ಡ್ಯೂಯಲಿಯಲ್ಲಿ ಸಾಮಾನ್ಯವಾಗಿ ಕಾಣುವ ಎಲ್‌ಟಿ 235/80 ಆರ್ 17, ಲೋಡ್ ಇಂಡೆಕ್ಸ್ 120/117. ಒಂಟಿಯಾಗಿ 1,400 ಕೆಜಿ, ಜೋಡಿಯಲ್ಲಿ ತಲಾ 1,285. ಗೀಟಿನ ಆಚೆಯ ಸಣ್ಣ ಸಂಖ್ಯೆ ಇರುವುದೇ ಜೋಡಿ ಟೈರಿಗಾಗಿ. ನಾಲ್ಕು ಸೇರಿದರೆ 5,140 ಕೆಜಿ. ಇಷ್ಟನ್ನು ಹೇರಬಹುದು ಎಂದಲ್ಲ, ಆಕ್ಸಲ್ ಮತ್ತು ಸ್ಪ್ರಿಂಗ್ ಅದಕ್ಕೂ ಎಷ್ಟೋ ಮೊದಲೇ ‘ಸಾಕು’ ಎನ್ನುತ್ತವೆ. ಆದರೆ ಬೇಸಿಗೆಯ ಟೆಕ್ಸಸ್ ಹೆದ್ದಾರಿಯಲ್ಲಿ ಟೈರು ತನ್ನ ಮಿತಿಯ ಅಂಚಿನಲ್ಲಿ ಓಡುವುದಕ್ಕೂ ನಿರಾಳವಾಗಿ ಓಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಿಂಭಾಗ ಅಗಲವಾಗುವುದರಿಂದ ಅಡ್ಡಗಾಳಿಗೆ, ಪಕ್ಕದಲ್ಲಿ ಸೆಮಿ ಟ್ರಕ್ ಹಾದುಹೋಗುವಾಗಿನ ಸೆಳೆತಕ್ಕೆ ಗಾಡಿ ಅಷ್ಟು ತೂಗಾಡುವುದಿಲ್ಲ. ಒಂದು ಹಿಂದಿನ ಟೈರ್ ಸಿಡಿದರೆ ಪಕ್ಕದ್ದು ಗಾಡಿಯನ್ನು ಎತ್ತಿಹಿಡಿದಿರುತ್ತದೆ, ನಿಧಾನವಾಗಿ ರಸ್ತೆ ಬದಿಗೆ ತರಲು ಅವಕಾಶ ಸಿಗುತ್ತದೆ. ಇನ್ನೊಂದು ಕಡೆಯನ್ನೂ ಬರೆದುಕೊಳ್ಳಿ: ನಾಲ್ಕಲ್ಲ, ಆರು ಟೈರಿನ ಖರ್ಚು. ಡ್ರೈವ್-ಥ್ರೂನಲ್ಲಿ, ಕಾರ್ ವಾಶ್‌ನಲ್ಲಿ ಇಕ್ಕಟ್ಟು. ಮಿನೆಸೋಟದ ಹಿಮದಲ್ಲಿ ಖಾಲಿ ಓಡಿಸಿದರೆ ಹಿಡಿತವೂ ಕಡಿಮೆ, ಏಕೆಂದರೆ ಅದೇ ತೂಕ ನಾಲ್ಕು ಟೈರಿಗೆ ಹಂಚಿಹೋಗಿರುತ್ತದೆ.

4. ದಾರಿ ಆರಿಸಿ, ಮತ್ತೆ ತಿರುಗಿ ನೋಡಬೇಡಿ.

ಇರುವುದು ಮೂರು ದಾರಿ. ಒಂದು, ಅಡಾಪ್ಟರ್. ಈಗಿರುವ ಹಬ್‌ಗೆ ದಪ್ಪನೆಯ ಲೋಹದ ತುಂಡು ಬಿಗಿದು ಅದರ ಮೇಲೆ ಎರಡೆರಡು ವೀಲ್ ಕೂರಿಸುವುದು. ಬೇಗ ಆಗುತ್ತದೆ, ಖರ್ಚೂ ಕಡಿಮೆ. ಒಂಟಿ ಚಕ್ರದ ಆಕ್ಸಲ್ ಕಿರಿದು. ಒಳಗಿನ ಟೈರ್ ಲೀಫ್ ಸ್ಪ್ರಿಂಗ್‌ಗೆ ತಾಗಬಾರದೆಂದರೆ ವೀಲ್‌ಗಳನ್ನು ಹೊರಗೆ ತಳ್ಳಲೇಬೇಕು. ಹಾಗೆ ತಳ್ಳಿದಾಗ ಭಾರದ ರೇಖೆ ಬೇರಿಂಗ್‌ನಿಂದ ಆಚೆ ಸರಿಯುತ್ತದೆ. ಬೇರಿಂಗ್, ಸ್ಟಡ್‌ಗಳ ಮೇಲೆ ಸನ್ನೆಕೋಲಿನ ಒತ್ತಡ ಬೀಳುತ್ತದೆ. ವರ್ಷಕ್ಕೆ ನಾಲ್ಕು ಸಲ ಕ್ಯಾಂಪಿಂಗ್ ಟ್ರೇಲರ್ ಎಳೆಯುವವರಿಗೆ ಇದು ನಡೆದೀತು. ದಿನವೂ ಭಾರ ಎಳೆಯುವವರಿಗೆ ನಾನಂತೂ ಇದನ್ನು ಹೇಳಲಾರೆ.

ಎರಡು, ಆಕ್ಸಲ್ ಬದಲಾವಣೆ. ಜಂಕ್‌ಯಾರ್ಡ್‌ನಲ್ಲಿ ಅದೇ ಪೀಳಿಗೆಯ ಡ್ಯೂಯಲಿಯ ಇಡೀ ಹಿಂದಿನ ಆಕ್ಸಲ್ ಹುಡುಕಿ ತಂದು ಹಾಕುವುದು. ಅಗಲ, ಹಬ್, ಬೇರಿಂಗ್, ಬ್ರೇಕ್ ಎಲ್ಲ ಜೋಡಿ ಟೈರಿಗೆಂದೇ ಮಾಡಿದ್ದು. ಸರಿಯಾದ ಕನ್ವರ್ಷನ್ ಎಂದರೆ ಇದು.

ಮೂರು, ಇರುವ ಗಾಡಿ ಮಾರಿ ಡ್ಯೂಯಲಿಯನ್ನೇ ಕೊಳ್ಳುವುದು. ಇದನ್ನು ಸೋಲು ಎಂದುಕೊಳ್ಳಬೇಡಿ. ಒಂದನೇ ಸೂತ್ರದ ಲೆಕ್ಕದಲ್ಲಿ ಪೇಲೋಡ್ ಸಾಲದಿದ್ದರೆ ಉಳಿದಿರುವುದು ಇದೊಂದೇ ದಾರಿ.

5. ಆಕ್ಸಲ್‌ಗೆ ದುಡ್ಡು ಕೊಡುವ ಮುನ್ನ ಅಳೆಯಿರಿ.

ಫೋರ್ಡ್ ಸೂಪರ್ ಡ್ಯೂಟಿಯ ಒಂಟಿ ಚಕ್ರಕ್ಕೆ ಎಂಟು ಬೋಲ್ಟ್, 170 ಮಿಮೀ ವೃತ್ತದಲ್ಲಿ. 2005ರಿಂದೀಚಿನ ಎಫ್-350 ಡ್ಯೂಯಲಿಗೂ ಎಂಟೇ ಬೋಲ್ಟ್, ಆದರೆ ವೃತ್ತ 200 ಮಿಮೀ. ಷೆವ್ರೊಲೆಯಲ್ಲಿ 2011ರಿಂದ ಒಂಟಿಗೆ 180, ಡ್ಯೂಯಲಿಗೆ 210. ಬೋಲ್ಟ್ ಎಣಿಸಿ ‘ಎಂಟಿದೆ, ಕೂರುತ್ತೆ’ ಎಂದವರು ವೀಲ್ ಹಿಂದಿರುಗಿಸಲು ಇನ್ನೊಂದು ಟ್ರಿಪ್ ಹೊಡೆಯುತ್ತಾರೆ.

ಗೇರ್ ರೇಶಿಯೊ ಅದಕ್ಕಿಂತ ಮುಖ್ಯ. ನಿಮ್ಮದು ಫೋರ್-ವೀಲ್ ಡ್ರೈವ್ ಆಗಿದ್ದು ಮುಂದೆ 3.73 ಇದ್ದರೆ ಹಿಂದೆಯೂ 3.73 ಇರಲೇಬೇಕು. ಹಿಂದೆ 4.10 ತಂದು ಹಾಕಿ ಫೋರ್-ವೀಲ್ ಒತ್ತಿದರೆ ಮುಂದಿನ, ಹಿಂದಿನ ಚಕ್ರಗಳು ಒಂದರ ವಿರುದ್ಧ ಇನ್ನೊಂದು ತಿರುಗಲು ಹೋಗಿ ಟ್ರಾನ್ಸ್‌ಫರ್ ಕೇಸ್ ಕೈಕೊಡುತ್ತದೆ. ಇನ್ನು ಸ್ಪ್ರಿಂಗ್ ಕೂರುವ ಜಾಗದ ಅಂತರ, ಯು-ಬೋಲ್ಟ್ ಅಳತೆ, ಡ್ರೈವ್‌ಶಾಫ್ಟ್ ಜೋಡಣೆ, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ಸೆನ್ಸರ್ ಪ್ಲಗ್. ಪ್ರತಿಯೊಂದರ ಫೋಟೊ ತೆಗೆದು ನಿಮ್ಮ ಗಾಡಿಯದರ ಜತೆ ಹೋಲಿಸಿ.

6. ಮುಂದಿನ ಚಕ್ರಕ್ಕೂ ಬಜೆಟ್ ಇಡಿ.

ಡ್ಯೂಯಲಿ ವೀಲ್‌ನ ತಟ್ಟೆ ಒಂದು ಬದಿಗೆ ಸರಿದಿರುತ್ತದೆ. ಹಿಂದೆ ಅದನ್ನೇ ಒಂದು ನೇರ, ಒಂದು ತಿರುಗಾಮುರುಗಾ ಹಾಕಿ ಜೋಡಿ ಮಾಡುತ್ತಾರೆ. ಮುಂದೆ ಹಾಕಲು ಹಬ್ ಎಕ್ಸ್‌ಟೆನ್ಷನ್ ಬೇಕು. ಆರೂ ಒಂದೇ ವೀಲ್ ಆದರೆ ಒಂದೇ ಸ್ಟೆಪ್ನಿ ಸಾಕು. ಮುಂದೆ ಹಳೆಯದು, ಹಿಂದೆ ಹೊಸದು ಎಂದು ಅರ್ಧಕ್ಕೆ ಬಿಟ್ಟರೆ ರಾತ್ರಿ ಪಂಕ್ಚರ್ ಆದಾಗ ಕೈಯಲ್ಲಿರುವ ಸ್ಟೆಪ್ನಿ ಬೇರೆ ಆಕ್ಸಲ್‌ನದ್ದಾಗಿರುತ್ತದೆ.

7. ಮೈ ಅಗಲವಾಗುತ್ತದೆ, ದೀಪ ಹಾಕಿಸಿ.

ಹೊರಗಿನ ಟೈರ್ ಬಾಡಿಯಿಂದ ಆಚೆ ಬರುತ್ತದೆ. ಡ್ಯೂಯಲಿಯ ಬೆಡ್ ತಂದು ಕೂರಿಸಿ, ಇಲ್ಲವೇ ಫೈಬರ್‌ಗ್ಲಾಸ್ ಫೆಂಡರ್ ಅಂಟಿಸಿ, ಇಲ್ಲವೇ ಬೆಡ್ ಕಿತ್ತು ಫ್ಲಾಟ್‌ಬೆಡ್ ಹಾಕಿ. ದುಡಿಮೆಯ ಗಾಡಿಗೆ ನನ್ನ ಓಟು ಫ್ಲಾಟ್‌ಬೆಡ್‌ಗೆ. ಅಮೆರಿಕದ ನಿಯಮದಂತೆ 80 ಇಂಚು ಅಥವಾ ಹೆಚ್ಚು ಅಗಲದ ಗಾಡಿಗೆ ಮುಂದೆ ಹಳದಿ, ಹಿಂದೆ ಕೆಂಪು ಕ್ಲಿಯರೆನ್ಸ್ ದೀಪಗಳು ಬೇಕು. ಡ್ಯೂಯಲಿಯ ಕ್ಯಾಬ್ ಮೇಲೆ ಸಾಲಾಗಿ ಹೊಳೆಯುವ ಪುಟ್ಟ ದೀಪಗಳು ಶೋಕಿಗಲ್ಲ.

8. ಜೋಡಿಯನ್ನು ಜೋಡಿಯಾಗಿಯೇ ನೋಡಿಕೊಳ್ಳಿ.

ಒಂದು ಹೊಸದು, ಒಂದು ಸವೆದದ್ದು ಪಕ್ಕಪಕ್ಕ ಹಾಕಬೇಡಿ. ಈ ಗಾತ್ರದ ಜೋಡಿ ಟೈರ್‌ಗಳ ವ್ಯಾಸದಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಟೇಪ್ ಸುತ್ತಿ ಅಳೆದರೆ ಸುತ್ತಳತೆಯಲ್ಲಿ ಸುಮಾರು ಮುಕ್ಕಾಲು ಇಂಚು. ಮೀರಿದರೆ ದೊಡ್ಡದು ಭಾರವನ್ನೆಲ್ಲ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿಕೊಂಡು ಸವೆಯುತ್ತದೆ. ಒಳಗಿನ ಟೈರಿನ ಗಾಳಿ ಯಾರೂ ನೋಡುವುದಿಲ್ಲ, ಕೈ ಹೋಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿ, ಆ ನೆಪವನ್ನೇ ಇಲ್ಲವಾಗಿಸಿ. ಭಾರ ಹೇರಿದಾಗ ಎರಡರ ಹೊಟ್ಟೆ ಪರಸ್ಪರ ತಾಗುತ್ತಿದೆಯೇ ಎಂದು ಬಗ್ಗಿ ನೋಡಿ. ನಡುವೆ ಸಿಕ್ಕಿಕೊಂಡ ಕಲ್ಲನ್ನು ಕಂಡ ಕ್ಷಣವೇ ತೆಗೆಯಿರಿ.

ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ಮೊದಲ 100 ಮೈಲಿಯೊಳಗೆ ಮತ್ತೊಮ್ಮೆ ಬಿಗಿಯಿರಿ.

9. ಬ್ರೇಕ್ ಮೊದಲು, ಎಂಜಿನ್ ಆಮೇಲೆ.

ಟ್ರೇಲರ್‌ಗೆ ಅದರದೇ ಬ್ರೇಕ್, ಕ್ಯಾಬ್ ಒಳಗೆ ಬ್ರೇಕ್ ಕಂಟ್ರೋಲರ್. ಇದರಲ್ಲಿ ಚೌಕಾಸಿ ಇಲ್ಲ. ಹಿಂದೆ ಎರಡು ಟೈರ್ ಹೆಚ್ಚಾದ ಮಾತ್ರಕ್ಕೆ ನಿಲ್ಲಿಸುವ ಶಕ್ತಿ ಹೆಚ್ಚಾಗದು.

10. ಕಾಗದಪತ್ರ ಮುಗಿಸಿಯೇ ಕೊಕ್ಕೆ ಹಾಕಿ.

ಇನ್ಶೂರೆನ್ಸ್ ಕಂಪನಿಗೆ ಕನ್ವರ್ಷನ್ ವಿಷಯ ಬರಹದಲ್ಲಿ ತಿಳಿಸಿ. ಬಾಡಿಗೆಗೆ ಎಳೆಯುವುದಾದರೆ ಎರಡು ಅಂಕಿ ಬಾಯಿಪಾಠ ಮಾಡಿ. ಗಾಡಿ ಮತ್ತು ಟ್ರೇಲರ್‌ನ ರೇಟಿಂಗ್ ಕೂಡಿ 10,001 ಪೌಂಡ್ ಮುಟ್ಟಿ, ಸರಕು ರಾಜ್ಯದ ಗಡಿ ದಾಟಿದರೆ ಸಾರಿಗೆ ಇಲಾಖೆಯ ಯುಎಸ್‌ಡಾಟ್ ನಂಬರ್ ಬೇಕು. ಕೂಡಿ 26,001 ಮುಟ್ಟಿ, ಟ್ರೇಲರ್ ಒಂದೇ 10,000 ಮೀರಿದ್ದರೆ ಕ್ಲಾಸ್ ಎ ಕಮರ್ಷಿಯಲ್ ಲೈಸೆನ್ಸ್ ಬೇಕು. ಇಲ್ಲೊಂದು ಸ್ವಾರಸ್ಯವಿದೆ. 10,000ದ ಎಫ್-250, 14,000ದ ಟ್ರೇಲರ್ ಸೇರಿದರೆ 24,000. ಡ್ಯೂಯಲಿ ಮಾಡಿಸಿದರೂ ಸ್ಟಿಕರ್ ಅದೇ ಆದ್ದರಿಂದ ಮೊತ್ತವೂ ಅದೇ. ಫ್ಯಾಕ್ಟರಿ ಡ್ಯೂಯಲಿ ಕೊಂಡರೆ 28,000, ನೇರ ಕ್ಲಾಸ್ ಎ ಸಾಲಿಗೆ. ಲೈಸೆನ್ಸ್ ಪರೀಕ್ಷೆಗೆ ಹೆದರಿ ಸಣ್ಣ ಗಾಡಿಗೆ ಅಂಟಿಕೊಳ್ಳಬೇಡಿ. ಓದಿ, ಪಾಸಾಗಿ.

ಎಚ್-1ಬಿ ವೀಸಾದಲ್ಲಿರುವವರಿಗೆ ಒಂದು ಮಾತು: ವಾರಾಂತ್ಯದಲ್ಲಿ ಹಾಟ್‌ಶಾಟ್ (ತುರ್ತು ಸರಕು) ಬಾಡಿಗೆ ಹೊಡೆದು ಸೈಡ್ ಇನ್‌ಕಮ್ ಮಾಡುವ ಆಸೆ ಬಿಡಿ. ಆ ವೀಸಾ ನಿಮ್ಮನ್ನು ಕರೆಸಿಕೊಂಡ ಕಂಪನಿಯ ಕೆಲಸಕ್ಕಷ್ಟೆ. ನಿಮ್ಮ ಸ್ವಂತ ಟ್ರೇಲರನ್ನು ಎಳೆದುಕೊಂಡು ತಿರುಗಾಡಿ, ಯಾರೂ ಕೇಳುವುದಿಲ್ಲ. ರಜೆಗೆ ಊರಿಗೆ ಬಂದಾಗ ಅಣ್ಣನ ಬೊಲೆರೊ ಪಿಕಪ್ ಮೇಲೆ ಪ್ರಯೋಗವೂ ಬೇಡ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅಡ್ಡ ನಿಲ್ಲುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

11. ಒಂದು ಫೈಲ್ ಮಾಡಿ.

ಸ್ಟಿಕರ್ ಫೋಟೊ, ಎರಡು ತೂಕದ ಚೀಟಿ, ಆಕ್ಸಲ್‌ನ ಟ್ಯಾಗ್ ನಂಬರ್, ಬಿಲ್ಲುಗಳು, ಅಳತೆಯ ಸ್ಕೆಚ್, ಟಾರ್ಕ್ ದಾಖಲೆ. ಗಾಡಿ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ‘ಇದನ್ನು ಮಾಡಿದ್ದು ಯಾರು, ಹೇಗೆ’ ಎಂದೇ. ಮೆಕ್ಯಾನಿಕಲ್ ಓದುತ್ತಿರುವ ವಿದ್ಯಾರ್ಥಿಯಾದರೆ ಇದನ್ನು ಇಂಟರ್‌ವ್ಯೂಗೆ ಒಯ್ಯಿರಿ. ಟ್ರಕ್‌ಗಳಿಗೆ ಬಾಡಿ, ಉಪಕರಣ ಕೂರಿಸಿಕೊಡುವ ಅಪ್‌ಫಿಟರ್ ಉದ್ಯಮವೇ ಅಲ್ಲಿದೆ. ಬೇರಿಂಗ್ ಮೇಲೆ ಬೀಳುವ ಒತ್ತಡದ ಲೆಕ್ಕವನ್ನು ಎರಡು ಪುಟದಲ್ಲಿ ಬರೆದು, ‘ಅಡಾಪ್ಟರ್ ಬಿಟ್ಟು ಆಕ್ಸಲ್ ಆರಿಸಿದ್ದು ಈ ಕಾರಣಕ್ಕೆ’ ಎಂದು ಮೇಜಿನ ಮೇಲಿಡಿ. ಮುಂದಿನ ಪ್ರಶ್ನೆಗಳು ನಿಮ್ಮ ಮಾರ್ಕ್ಸ್‌ಕಾರ್ಡಿನ ಬಗ್ಗೆ ಇರಲಾರವು.