ಬಾವಿಗೆ ಬಿದ್ದ ಎತ್ತು



ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕರ್ತನು ಬಾವಿಗೆ ಬಿದ್ದ ಎತ್ತಿನ ದೃಷ್ಟಾಂತದಿಂದ ಸಬ್ಬತ್‌ದಿನದ ದಯೆಯನ್ನು ಸಮರ್ಥಿಸಿದ್ದಾನೆ. ಎತ್ತಬಹುದೋ ಎಂಬ ಪ್ರಶ್ನೆಯು ಅಲ್ಲಿಗೆ ತೀರಿತು. ಎತ್ತುವದು ಹೇಗೆಂಬದನ್ನು ಮಾತ್ರ ನಾವು ಕಲಿಯಬೇಕಾಗಿದೆ.

ನಮ್ಮ ಕಡೆಯ ತೋಟದ ಬಾವಿಗಳು ಅನೇಕವು ಕಟ್ಟೆಯಿಲ್ಲದವು. ಮಳೆಗಾಲದ ಹುಲ್ಲಿನಲ್ಲಿ ಅವುಗಳ ಬಾಯಿಯೇ ಕಾಣದು. ದನವು ಬಿದ್ದೊಡನೆ ಜನರು ಓಡಿಬಂದು ಕೊರಳಿಗೋ ಕೊಂಬಿಗೋ ಹಗ್ಗ ಬಿಗಿದು ಎಳೆಯಲಾರಂಭಿಸುವರು. ಇದು ಉಳಿಸುವ ಉಪಾಯವಲ್ಲ, ಕೊಲ್ಲುವ ಉಪಾಯ. ಮಲೆನಾಡು ಗಿಡ್ಡ ಹಸುವು ನೂರು ಕಿಲೋದ ಆಸುಪಾಸಿನದು. ಮಿಶ್ರತಳಿಯ ಹಸುವು 400 ಕಿಲೋ ತೂಗುವದುಂಟು. ಇಷ್ಟು ಭಾರವನ್ನು ಕೊರಳು ತಾಳದು. ಮುಂಗಾಲುಗಳ ಹಿಂದೆ ಒಂದು, ಹಿಂಗಾಲುಗಳ ಮುಂದೆ ಒಂದು, ಹೀಗೆ ಎರಡು ಅಗಲವಾದ ಪಟ್ಟಿಗಳನ್ನು ಹೊಟ್ಟೆಯಡಿ ಹಾಯಿಸಿ, ಭಾರವನ್ನು ಅವುಗಳ ಮೇಲೆಯೇ ಹೊರಿಸತಕ್ಕದ್ದು. ಅಗ್ನಿಶಾಮಕ ದಳದವರು ಬರುವ ವರೆಗೆ ಅದರ ತಲೆಯು ನೀರಿನ ಮೇಲಿರುವಂತೆ ನೋಡಿಕೊಂಡರೆ ಸಾಕು. ಯಾರೂ ತಟ್ಟನೆ ಬಾವಿಗೆ ಇಳಿಯಕೂಡದು. ಯಾಕಂದರೆ ಬಳಕೆಯಿಲ್ಲದ ಬಾವಿಯ ತಳದಲ್ಲಿ ವಿಷವಾಯು ನಿಂತಿರಬಹುದು. ಇಳಿಬಿಟ್ಟ ದೀಪವು ಆರಿದರೆ ಇಳಿಯಲೇಬಾರದು. ಆರದಿದ್ದರೂ ಗಾಳಿಯು ಶುದ್ಧವೆಂದು ನಂಬಲಾಗದು.

ಎತ್ತಲಾರದ ಪ್ರಾಣಿಗೆ ದಾರಿ ಮಾಡಿಕೊಡಬೇಕು. 2023ನೆಯ ಏಪ್ರಿಲಿನಲ್ಲಿ ಸುಳ್ಯ ತಾಲೂಕಿನ ಅಜ್ಜಾವರದಲ್ಲಿ ಮರಿಗಳ ಸಹಿತ ನಾಲ್ಕು ಆನೆಗಳು ತೋಟದ ಕೆರೆಗೆ ಬಿದ್ದವು. ಅರಣ್ಯ ಇಲಾಖೆಯವರು ಊರವರ ಸಹಾಯದಿಂದ ದಂಡೆಯನ್ನು ಕಡಿದು ಇಳಿಜಾರು ಮಾಡಿದರು; ಅವು ಮೇಲೆ ಬಂದವು. ಕೆಸರಲ್ಲಿ ಹೂತ ಕೋಣಕ್ಕೂ ಕುದುರೆಗೂ ಇದೇ ನ್ಯಾಯ.

ನೆರೆಯ ಸಂಗತಿ ಬೇರೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಬಂಟವಾಳವನ್ನು ಮುಳುಗಿಸಿತು; 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆಯ ಹೊಳೆಗಳು ಉಕ್ಕಿದವು. ದನವು ಚೆನ್ನಾಗಿ ಈಜಬಲ್ಲದು, ಆದರೆ ಕಣ್ಣಿ ಬಿಗಿದ ದನವು ಈಜಲಾರದು. ಹಟ್ಟಿಯಲ್ಲಿ ಅದನ್ನು ಮುಳುಗಿಸುವದು ಹೊಳೆಯಲ್ಲ, ನಾವು ಹಾಕಿದ ಗಂಟು. ನೀರು ಅಂಗಳಕ್ಕೆ ಬರುವ ಮೊದಲೇ ಬಿಚ್ಚಿ ಗುಡ್ಡೆಗೆ ಅಟ್ಟತಕ್ಕದ್ದು. ಕುದುರೆ ಸಾಕುವವರು ಒಂದು ಜಾರುಗಂಟು ಹಾಕುವರು: ಕುದುರೆಯು ಎಷ್ಟು ಎಳೆದರೂ ಅದು ಬಿಗಿಯುವದು, ಮನುಷ್ಯನು ಸಡಿಲ ತುದಿಯನ್ನು ಒಮ್ಮೆ ಜಗ್ಗಿದರೆ ಕಳಚುವದು. ಹೊಲಿಗೆಯ ತರಗತಿಯಲ್ಲಿ ಇಷ್ಟೊಂದು ಗಂಟುಗಳನ್ನು ಕಲಿತ ಕೈಗಳಿಗೆ ಇದು ಹೆಚ್ಚಿನದೇನಲ್ಲ. ಹಟ್ಟಿಯ ಬಾಗಿಲಲ್ಲಿ ಒಂದು ಕತ್ತಿಯೂ ತೂಗುತ್ತಿರಲಿ.

ಇಂಥ ವೇಳೆಯಲ್ಲಿ ಹೆಂಗಸರನ್ನು ಒಳಗೆ ಹೋಗೆನ್ನುವ ವಾಡಿಕೆಯುಂಟು. ಇದು ನನಗೆ ಸರಿಕಾಣದು. ಬೆಳಿಗ್ಗೆ ಸಂಜೆ ಹಾಲು ಕರೆದು ಅಕ್ಕಚ್ಚು ಇಡುವವಳ ಸ್ವರವನ್ನೇ ದನವು ಬಲ್ಲದು. ಕಂಬಳದ ಕೋಣಗಳನ್ನು ಸಾಕುವವರೂ ಪರಿಚಿತ ಸ್ವರದ ಬೆಲೆಯನ್ನು ಅರಿತಿರುವರು. ಆಕೆಯು ಸುರಕ್ಷಿತವಾದ ಸ್ಥಳದಲ್ಲಿ ನಿಂತು, ಅದರ ತಲೆಯ ಕಡೆಯಿಂದ ಮೆಲ್ಲನೆ ಮಾತಾಡಲಿ. ಉಳಿದವರು ಬೊಬ್ಬೆ ಹಾಕದಿರಲಿ. ಅಪ್ಪಣೆ ಒಬ್ಬರದೇ ಆಗಿರಲಿ.

ಮೇಲೆ ಬಂದ ದನದ ಬಾಯಿಗೆ ಬಲವಂತವಾಗಿ ನೀರನ್ನಾಗಲಿ ಕಷಾಯವನ್ನಾಗಲಿ ಹೊಯ್ಯಕೂಡದು. ಅದು ಶ್ವಾಸಕೋಶಕ್ಕೆ ಇಳಿದೀತು. ಗೋಣಿಯಿಂದ ಮೈಯನ್ನು ತಿಕ್ಕಿ ಒಣಗಿಸಿ, ಎದೆಯ ಮೇಲೆ ನೇರವಾಗಿ ಮಲಗಿಸಿ, ಏಳಲಾರದಿದ್ದರೆ ಆಗಾಗ್ಗೆ ಮಗ್ಗುಲು ಬದಲಿಸಬೇಕು. ಪಶುವೈದ್ಯರ ಸಂಚಾರಿ ವಾಹನಕ್ಕೆ 1962, ಅಗ್ನಿಶಾಮಕ ದಳಕ್ಕೆ 101. ಈ ಎರಡು ಸಂಖ್ಯೆಗಳನ್ನು ಹಟ್ಟಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ.