ತಾಮ್ರದ ಹಾದಿ

ಹಳೆಯ ಕಾಲದ ರೇಡಿಯೋದ ಹಿಂಬದಿಯನ್ನು ಬಿಚ್ಚಿದರೆ ಒಳಗೆ ಬಣ್ಣಬಣ್ಣದ ತಂತಿಗಳ ಸಿಕ್ಕು ಕಾಣುತ್ತಿತ್ತು. ಒಂದೊಂದು ತಂತಿಯನ್ನೂ ಕೈಯಿಂದಲೇ ಬೆಸೆಯಬೇಕಾಗಿತ್ತು. ಈ ಸಿಕ್ಕನ್ನು ಬಿಡಿಸಲು ಹೊರಟವರಲ್ಲಿ ಪಾಲ್ ಐಸ್ಲರ್ ಪ್ರಮುಖನು. 1907ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಈ ಎಂಜಿನಿಯರು 1936ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದನು. ಮುದ್ರಣದ ಕೆಲಸವನ್ನೂ ಬಲ್ಲವನಾದ ಆತನಿಗೆ, ಪುಸ್ತಕದ ಪುಟದಂತೆ ವಿದ್ಯುತ್ತಿನ ಹಾದಿಯನ್ನೂ ಮುದ್ರಿಸಬಹುದಲ್ಲವೇ ಎಂಬ ಯೋಚನೆ ಹೊಳೆಯಿತು. ತೆಳುವಾದ ತಾಮ್ರದ ಹಾಳೆಯನ್ನು ಅಂಟಿಸಿದ ಹಲಗೆಯ ಮೇಲೆ ಬೇಕಾದ ಗೆರೆಗಳನ್ನು ಮುದ್ರಿಸಿ, ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿಬಿಡುವುದೇ ಆ ವಿಧಾನ. ಅಂಥ ಹಲಗೆಯನ್ನು ಬಳಸಿ ಆತನು ರೇಡಿಯೋವನ್ನೂ ನಿರ್ಮಿಸಿದನು.

ಈಗ ಮುದ್ರಿತ ಮಂಡಲದ ಹಲಗೆಯಿಲ್ಲದ ವಿದ್ಯುನ್ಮಾನ ಉಪಕರಣ ವಿರಳ. ಅದನ್ನು ರೂಪಿಸುವ ಕೆಲಸವೂ ಕಾರ್ಖಾನೆಯೊಳಗೇ ಉಳಿದಿಲ್ಲ. ಫ್ರಾನ್ಸಿನಲ್ಲಿ 1992ರಲ್ಲಿ ಆರಂಭಗೊಂಡ ಕಿಕ್ಯಾಡ್ ಎಂಬ ಕಂಪ್ಯೂಟರ್ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದರಿಂದ ಆಸಕ್ತಿಯುಳ್ಳ ವಿದ್ಯಾರ್ಥಿಯೂ ಹಲಗೆಯನ್ನು ರೂಪಿಸಬಲ್ಲನು.

ಹೊಸಬರು ಸಾಮಾನ್ಯವಾಗಿ ಮಿನುಗುವ ದೀಪದ ಮಂಡಲದಿಂದ ತೊಡಗುತ್ತಾರೆ. ಅದರ ಹೃದಯಸ್ಥಾನದಲ್ಲಿರುವುದು 1971ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ರೂಪಿಸಿದ 555 ಎಂಬ ಎಂಟು ಕಾಲುಗಳ ಚಿಪ್ಪು. ಮೊದಲು ಮಂಡಲದ ನಕ್ಷೆ ಸಿದ್ಧವಾಗಬೇಕು. ಯಾವ ಭಾಗಕ್ಕೆ ಯಾವುದರ ಸಂಬಂಧವೆಂಬುದನ್ನಷ್ಟೇ ನಕ್ಷೆ ಹೇಳುತ್ತದೆ; ಅದರಲ್ಲಿ ಅಳತೆಯಿಲ್ಲ. ಹಲಗೆಯ ಮೇಲಾದರೋ ಎಲ್ಲವೂ ಅಳತೆಯೇ. ಚಿಪ್ಪಿನ ಒಂದು ಕಾಲಿಗೂ ಪಕ್ಕದ ಕಾಲಿಗೂ ನಡುವೆ 2.54 ಮಿಲಿಮೀಟರ್ ಅಂತರ. ತಾಮ್ರದ ದಪ್ಪವು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ 35 ಭಾಗ ಮಾತ್ರ. ಹೆಚ್ಚು ವಿದ್ಯುತ್ತು ಹರಿಯುವ ಹಾದಿಯನ್ನು ಅಗಲವಾಗಿಸದಿದ್ದರೆ ಅದು ಬಿಸಿಯೇರುತ್ತದೆ. ಒಂದೇ ಪದರದಲ್ಲಿ ಎರಡು ಹಾದಿಗಳು ಒಂದನ್ನೊಂದು ದಾಟುವಂತಿಲ್ಲ. ಆದ್ದರಿಂದ ಭಾಗಗಳನ್ನು ತಿರುಗಿಸಿ, ಸರಿಸಿ, ಮತ್ತೆ ತಿರುಗಿಸಿ ಜಾಗ ಹುಡುಕುವುದರಲ್ಲಿಯೇ ಹೊಸಬರ ಹೊತ್ತೆಲ್ಲ ಕಳೆಯುತ್ತದೆ. ಈ ಹೊತ್ತು ವ್ಯರ್ಥವಲ್ಲ. ಭಾಗಗಳು ಒಳ್ಳೆಯ ಜಾಗದಲ್ಲಿ ಕುಳಿತರೆ ಹಾದಿಗಳು ತಾವಾಗಿಯೇ ಚಿಕ್ಕವಾಗುತ್ತವೆ.

ಹಾದಿಗಳು ತೀರ ಹತ್ತಿರವಾದರೆ, ಯಾವುದಾದರೂ ಜೋಡಣೆ ಉಳಿದುಹೋದರೆ ತಂತ್ರಾಂಶವೇ ಎಚ್ಚರಿಸುತ್ತದೆ. ಆದರೆ ರೂಪಿಸುವವನ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ತಿಳಿಯದು. ಮನೆಯಲ್ಲಿಯೇ ಹಲಗೆ ಮಾಡುವವರಿಗೆ ಎದುರಾಗುವ ಒಂದು ತೊಡಕು ಹೀಗಿದೆ. ಪರದೆಯ ಮೇಲೆ ಕಾಣುವ ತಾಮ್ರದ ಚಿತ್ರವು ಭಾಗಗಳಿರುವ ಮೇಲ್ಬದಿಯಿಂದ, ಹಲಗೆಯ ಮೂಲಕ ನೋಡಿದಂತೆ ಇರುತ್ತದೆ. ಅದನ್ನು ಲೇಸರ್ ಮುದ್ರಣಯಂತ್ರದಲ್ಲಿ ಕಾಗದಕ್ಕಿಳಿಸಿ, ತಾಮ್ರದ ಮೇಲೆ ಮಗುಚಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದಾಗ ಚಿತ್ರವು ಒಮ್ಮೆ ತಿರುಗುಮುರುಗಾಗುತ್ತದೆ. ತಳಬದಿಯ ತಾಮ್ರಕ್ಕೆ ಬೇಕಾದುದೂ ಅದೇ. ಹೊಸಬನು, ಹೇಗಿದ್ದರೂ ತಿರುವಾಗುವುದಲ್ಲ ಎಂದು ಬಗೆದು ಮುನ್ನೆಚ್ಚರಿಕೆಯಿಂದ ತಾನೇ ಚಿತ್ರವನ್ನು ತಿರುಗಿಸಿ ಮುದ್ರಿಸಿದರೆ, ಫೆರಿಕ್ ಕ್ಲೋರೈಡಿನ ದ್ರಾವಣದಿಂದ ಹೊರಬಂದ ಹಲಗೆಯು ಕನ್ನಡಿಯ ಬಿಂಬವಾಗಿರುತ್ತದೆ. ಗೆರೆಗಳು ಅಚ್ಚುಕಟ್ಟಾಗಿವೆ; ತುಂಡಾದ ಹಾದಿ ಒಂದೂ ಇಲ್ಲ. ಆದರೆ 555ರ ಒಂದನೆಯ ಕಾಲು ಋಣಧ್ರುವಕ್ಕೂ ಎದುರಿನ ಎಂಟನೆಯದು ಧನಧ್ರುವಕ್ಕೂ ಸೇರಬೇಕಾದವು. ಬಿಂಬದಲ್ಲಿ ಇವೆರಡೂ ಅದಲುಬದಲು! ಬ್ಯಾಟರಿ ಕೊಟ್ಟೊಡನೆ ಚಿಪ್ಪು ಬಿಸಿಯಾಗಿ ಕೆಟ್ಟುಹೋಗುತ್ತದೆ.

ಮುದ್ರಿಸಿದ ಕಾಗದದಲ್ಲಿ ಏನಾದರೂ ಅಕ್ಷರವಿದ್ದು, ಅದು ತಾಮ್ರದ ಮೇಲೆ ಸರಿಯಾಗಿ ಓದಲು ಬರುವಂತಿದೆಯೇ ಎಂದು ಪರೀಕ್ಷಿಸಿದ್ದರೆ ಸಾಕಾಗಿತ್ತು. ಅನುಭವಿಗಳು ತಳಬದಿಯ ತಾಮ್ರದಲ್ಲಿ ಹೆಸರಿನ ಒಂದೆರಡು ಅಕ್ಷರಗಳನ್ನು ತಿರುಗುಮುರುಗಾಗಿ ಬರೆದಿಡುವುದು ಅಲಂಕಾರಕ್ಕಲ್ಲ. ನಿಜವಾದ ಅಳತೆಯಲ್ಲಿ ಮುದ್ರಿಸಿದ ಕಾಗದದ ಮೇಲೆ ಚಿಪ್ಪನ್ನು ಇಟ್ಟು ಕಾಲುಗಳನ್ನು ಎಣಿಸಿ ನೋಡುವವರೂ ಉಂಟು.

ಹಾಗೆಂದು ಆ ಹಲಗೆಯನ್ನು ಎಸೆಯಬೇಕಾಗಿಲ್ಲ. ಹೊಸ ಚಿಪ್ಪೊಂದನ್ನು ತಂದು, ಮೇಲ್ಬದಿಗೆ ಬದಲಾಗಿ ತಾಮ್ರವಿರುವ ಬದಿಯಲ್ಲಿಯೇ ಇರಿಸಿ, ಕಾಲುಗಳನ್ನು ಹೊರಕ್ಕೆ ಬಗ್ಗಿಸಿ ಬೆಸೆದರೆ ಒಂದನೆಯ ಕಾಲು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಉಳಿದ ಭಾಗಗಳನ್ನೂ ಅದೇ ಬದಿಗೆ ತರಬೇಕು. ನೋಟಕ್ಕೆ ಅಂದವಿಲ್ಲ, ಆದರೆ ಬ್ಯಾಟರಿ ಕೊಟ್ಟಾಗ ದೀಪವು ಮಿನುಗುತ್ತದೆ.